ತಿಮಿಂಗಿಲದ ಕಾಲು



'ಪಳೆಯುಳಿಕೆ' ಎಂಬುದು ಕನ್ನಡದ ಸೊಗಸಾದ ಪದಗಳಲ್ಲಿ ಒಂದು. ಹಳೆಯದು ಎಂಬುದಕ್ಕೆ ನಮ್ಮ ಹಿರಿಯರು 'ಪಳೆ' ಎನ್ನುತ್ತಿದ್ದರು. ಕಾಲಕ್ರಮದಲ್ಲಿ ಪಕಾರವು ಹಕಾರವಾಗಿ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು, ಪಳೆಯದು ಹಳೆಯದಾಯಿತು. ಆದರೆ ಪಳೆಯುಳಿಕೆ ಎಂಬ ಪದದಲ್ಲಿ ಮಾತ್ರ ಆ ಪ್ರಾಚೀನ ಪಕಾರ ಹಾಗೆಯೇ ಉಳಿದುಕೊಂಡಿದೆ. ಹಳೆಯ ಜೀವಿಗಳ ಉಳಿಕೆಯನ್ನು ಸೂಚಿಸುವ ಪದವು ತನ್ನೊಳಗೇ ಹಳೆಯ ನುಡಿಯ ಉಳಿಕೆಯೊಂದನ್ನು ಇಟ್ಟುಕೊಂಡಿರುವುದು ಎಂಥ ಸೋಜಿಗ! ನಮ್ಮ ಶಾಲೆಯ ಕನ್ನಡ ಪಂಡಿತರು ಒಮ್ಮೆ ಶಿಕ್ಷಕರ ಕೊಠಡಿಯಲ್ಲಿ ಇದನ್ನು ವಿವರಿಸಿದ ಮೇಲೆ, ವಿಜ್ಞಾನದ ಮೇಷ್ಟರಾದ ನಾನು ಆ ಪಾಠವನ್ನು ಪ್ರತಿವರ್ಷವೂ ಈ ಪದದಿಂದಲೇ ಆರಂಭಿಸುತ್ತಿದ್ದೆ. ನಿಮ್ಮಲ್ಲಿ ಹಲವರಿಗೆ ಅದು ನೆನಪಿರಬಹುದು.

ಈ ಸಲ ಪಳೆಯುಳಿಕೆಗಳ ಬಗ್ಗೆ ಬರೆಯಲು ಒಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ವಿಷಯ.

ಸತ್ತ ಪ್ರಾಣಿಯ ದೇಹವು ಸಾಮಾನ್ಯವಾಗಿ ಉಳಿಯುವುದಿಲ್ಲ. ನಾಯಿ, ನರಿ, ಹದ್ದು, ಇರುವೆ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಎಲ್ಲವೂ ಸೇರಿ ಅದನ್ನು ಮಣ್ಣಿಗೆ ಮರಳಿಸುತ್ತವೆ. ಪ್ರಕೃತಿಯಲ್ಲಿ ಇದೇ ನಿಯಮ. ಅಪರೂಪಕ್ಕೆ ಹೊಳೆಯ ಕೆಸರಿನಲ್ಲೋ, ಕಡಲ ತಳದ ಹೂಳಿನಲ್ಲೋ ಒಂದು ದೇಹ ಬೇಗನೆ ಹುದುಗಿಹೋದರೆ ಅದರ ಗಟ್ಟಿ ಭಾಗಗಳಾದ ಹಲ್ಲು, ಮೂಳೆ, ಚಿಪ್ಪುಗಳು ಉಳಿಯುತ್ತವೆ. ಮೇಲೆ ಮೇಲೆ ಪದರಗಳು ಬೀಳುತ್ತವೆ, ಹೂಳು ಕಲ್ಲಾಗುತ್ತದೆ. ಅಂತರ್ಜಲದಲ್ಲಿ ಕರಗಿದ ಖನಿಜಗಳು ಮೂಳೆಯ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿಕೊಂಡು ಮೂಳೆಯೂ ಕಲ್ಲಿನಂತಾಗುತ್ತದೆ. ಕೋಟ್ಯಂತರ ವರ್ಷಗಳ ಬಳಿಕ ಭೂಮಿಯ ಚಲನೆಯಿಂದ ಆ ಪದರ ಮೇಲೆದ್ದು, ಮಳೆಗಾಳಿಗೆ ಸವೆದು, ಕಲ್ಲಾದ ಮೂಳೆಯ ತುದಿ ಹೊರಗೆ ಕಾಣಬೇಕು. ಆ ಹೊತ್ತಿಗೆ ಸರಿಯಾಗಿ ನೋಡಬಲ್ಲ ಕಣ್ಣೊಂದು ಅತ್ತ ಹಾಯಬೇಕು. ಇಷ್ಟೆಲ್ಲ ಕೂಡಿಬಂದರೆ ಒಂದು ಪಳೆಯುಳಿಕೆ ನಮ್ಮ ಕೈಸೇರುತ್ತದೆ. ಆದ್ದರಿಂದ ಭೂಮಿಯ ಚರಿತ್ರೆಯ ಪುಸ್ತಕದಲ್ಲಿ ನಮಗೆ ದೊರೆತಿರುವುದು ಬಿಡಿ ಹಾಳೆಗಳು ಮಾತ್ರ. ಹಾಗಿದ್ದರೂ ಅವುಗಳಿಂದ ಎಷ್ಟೊಂದನ್ನು ಓದಬಹುದು ಎಂಬುದೇ ಆಶ್ಚರ್ಯದ ಸಂಗತಿ.

ನಮ್ಮಲ್ಲಿ ಅನೇಕರು ಪಳೆಯುಳಿಕೆಯನ್ನು ಕಂಡಿರುವುದು ವಸ್ತುಸಂಗ್ರಹಾಲಯದಲ್ಲಿ ಅಲ್ಲ, ದೇವರ ಮನೆಯಲ್ಲಿ. ನೇಪಾಳದ ಗಂಡಕೀ ನದಿಯಿಂದ ಬರುವ ಸಾಲಿಗ್ರಾಮ ಶಿಲೆಗಳಲ್ಲಿ ಕಾಣುವ ಚಕ್ರಗಳು ಅಮೊನೈಟ್ ಎಂಬ ಸಮುದ್ರಜೀವಿಯ ಸುರುಳಿ ಚಿಪ್ಪಿನ ಗುರುತುಗಳು. ನೋಡಲು ಶಂಖದ ಹುಳುವಿನಂತಿದ್ದರೂ ಅದು ಇಂದಿನ ಆಕ್ಟೋಪಸ್ಸು, ಸ್ಕ್ವಿಡ್ಡುಗಳ ಬಳಗಕ್ಕೆ ಸೇರಿದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದೈತ್ಯ ಡೈನೊಸಾರ್‌ಗಳು ಅಳಿದ ಕಾಲದಲ್ಲೇ ಈ ಕುಲವೂ ಅಳಿಯಿತು. ಗಂಡಕಿಯ ಶಿಲೆಗಳಲ್ಲಿರುವುವು ಅದಕ್ಕೂ ಬಹು ಹಿಂದಿನವು, ಸುಮಾರು 15 ಕೋಟಿ ವರ್ಷಗಳಷ್ಟು ಹಳೆಯವು. ಹಿಮಾಲಯದ ನೆತ್ತಿಯಲ್ಲಿ ಕಡಲಜೀವಿ ಹೇಗೆ ಬಂತು? ಆಗ ಅಲ್ಲಿ ಹಿಮಾಲಯವೇ ಇರಲಿಲ್ಲ. ಭಾರತದ ಭೂಖಂಡಕ್ಕೂ ಏಷ್ಯಾಕ್ಕೂ ನಡುವೆ ಟೆಥಿಸ್ ಎಂಬ ಸಮುದ್ರವಿತ್ತು. ಭಾರತವು ಉತ್ತರಕ್ಕೆ ಸರಿದು ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾವನ್ನು ಒತ್ತತೊಡಗಿದಾಗ ಆ ಸಮುದ್ರದ ತಳವೇ ಮಡಿಚಿಕೊಂಡು ಮೇಲೆದ್ದಿತು.

ನಾನು ಕಾಲೇಜಿನಲ್ಲಿ ಇದನ್ನು ಓದಿ ಬಂದ ವರ್ಷ ತಂದೆಯವರಿಗೆ ಹೇಳಿದೆ. ಅವರು ನಿತ್ಯವೂ ಸಾಲಿಗ್ರಾಮಕ್ಕೆ ಅಭಿಷೇಕ ಮಾಡುತ್ತಿದ್ದವರು. ನನ್ನ ಅಣ್ಣನಿಗೆ ಈ ಮಾತು ಸರಿಬೀಳಲಿಲ್ಲ. "ಅಪ್ಪಯ್ಯನ ಮುಂದೆ ಹೇಳುವ ಮಾತೇ ಇದು?" ಎಂದು ಗದರಿದ. ತಂದೆಯವರು ಮಾತ್ರ ಶಿಲೆಯನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ, "ಹದಿನೈದು ಕೋಟಿಯೇ? ನಾನು ತಿಳಿದಿದ್ದಕ್ಕಿಂತ ಹಿರಿಯದು ಇದು" ಎಂದು ಹೇಳಿ ಎಂದಿನಂತೆ ನೀರೆರೆದರು. ಭಕ್ತಿಗೂ ತಿಳಿವಿಗೂ ಜಗಳ ಹಚ್ಚುವ ಅಗತ್ಯವಿಲ್ಲ ಎಂಬುದನ್ನು ನಾನು ಕಲಿತದ್ದು ಅವರಿಂದ. ಟೆಥಿಸ್ ಸಮುದ್ರವನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲ ಅದರ ದಡದಲ್ಲಿಯೇ ನಡೆಯುವುದು.

1979ರಲ್ಲಿ ಹತ್ತನೆಯ ತರಗತಿಗೆ ಜೀವವಿಕಾಸದ ಪಾಠ ಮಾಡುತ್ತಿದ್ದೆ. ತಿಮಿಂಗಿಲವು ಮೀನಲ್ಲ, ಅದು ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿ ಹಾಕುತ್ತದೆ, ಹಾಲೂಡಿಸುತ್ತದೆ, ನೆಲದ ಮೇಲೆ ನಡೆಯುತ್ತಿದ್ದ ಸಸ್ತನಿಗಳ ವಂಶದಿಂದ ಬಂದದ್ದು ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಓದಿನಲ್ಲಿ ಮುಂದಿದ್ದವನಲ್ಲ, ಗದ್ದೆ ಕೆಲಸದ ದಿನಗಳಲ್ಲಿ ಶಾಲೆಗೇ ಬರುತ್ತಿರಲಿಲ್ಲ. "ಮೇಷ್ಟ್ರೇ, ನೆಲದ ಮೇಲಿಂದ ನೀರಿಗೆ ಹೋಯ್ತು ಅಂದ್ರೆ ನಡುವೆ ಅರ್ಧ ಕಾಲಿನ ತಿಮಿಂಗಿಲ ಇರಬೇಕಲ್ವಾ? ಯಾರಾದ್ರೂ ನೋಡಿದಾರಾ?" ಎಂದು ಕೇಳಿದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ವಿಜ್ಞಾನಿಗಳು ನೂರು ವರ್ಷಗಳಿಂದ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು. "ಇದ್ದಿರಲೇಬೇಕು. ಅದರ ಮೂಳೆ ಎಲ್ಲೋ ಒಂದು ಕಲ್ಲಿನೊಳಗೆ ಇರಬೇಕು. ಹುಡುಕಬೇಕು" ಎಂದು ಉತ್ತರಿಸಿದೆ. ಆ ವರ್ಷ ಅವನು ಇಂಗ್ಲಿಷಿನಲ್ಲಿ ತೇರ್ಗಡೆಯಾಗಲಿಲ್ಲ. ಅವನ ಶಾಲೆ ಅಲ್ಲಿಗೆ ಮುಗಿಯಿತು.

ಈ ಪ್ರಶ್ನೆ ಡಾರ್ವಿನ್ನನನ್ನೂ ಕಾಡಿತ್ತು. 1859ರಲ್ಲಿ ಪ್ರಕಟವಾದ ತನ್ನ ಗ್ರಂಥದ ಮೊದಲ ಮುದ್ರಣದಲ್ಲಿ ಆತ ಉತ್ತರ ಅಮೆರಿಕದ ಕಪ್ಪು ಕರಡಿಯೊಂದು ಬಾಯಿ ತೆರೆದುಕೊಂಡು ಗಂಟೆಗಟ್ಟಲೆ ಈಜುತ್ತ, ನೀರಿನ ಮೇಲಿನ ಹುಳುಗಳನ್ನು ಹಿಡಿಯುತ್ತಿದ್ದುದನ್ನು ಹೇಳಿ, ಅಂಥ ಪ್ರಾಣಿಯ ವಂಶವು ಕ್ರಮೇಣ ತಿಮಿಂಗಿಲದಂತಹ ಜೀವಿಯಾಗುವುದು ಅಸಾಧ್ಯವೇನಲ್ಲ ಎಂದು ಸೂಚಿಸಿದ. ಜನ ಅದನ್ನು ಗೇಲಿ ಮಾಡಿದರು. ಮುಂದಿನ ಮುದ್ರಣಗಳಲ್ಲಿ ಆ ಭಾಗವನ್ನು ಆತ ಮೊಟಕುಗೊಳಿಸಿದ. ಕರಡಿ ಎಂಬ ಊಹೆ ಸರಿಯಾಗಿರಲಿಲ್ಲ, ಆದರೆ ನೆಲದ ಸಸ್ತನಿ ಎಂಬ ದಿಕ್ಕು ಸರಿಯಾಗಿತ್ತು.

ಅದಕ್ಕೂ ಮೊದಲೇ ಅಮೆರಿಕದ ದಕ್ಷಿಣ ಭಾಗದಲ್ಲಿ ಭಾರಿ ಬೆನ್ನುಮೂಳೆಗಳು ದೊರೆತಿದ್ದವು. 1834ರಲ್ಲಿ ರಿಚರ್ಡ್ ಹಾರ್ಲನ್ ಎಂಬಾತ ಅವನ್ನು ಸಮುದ್ರದ ದೈತ್ಯ ಸರೀಸೃಪದ್ದೆಂದು ತಿಳಿದು 'ಬ್ಯಾಸಿಲೊಸಾರಸ್', ಎಂದರೆ 'ಹಲ್ಲಿಗಳ ರಾಜ', ಎಂದು ಹೆಸರಿಟ್ಟ. ಐದು ವರ್ಷಗಳ ಬಳಿಕ ಇಂಗ್ಲೆಂಡಿನ ರಿಚರ್ಡ್ ಓವೆನ್ ಅದರ ಹಲ್ಲುಗಳನ್ನು ಪರೀಕ್ಷಿಸಿ, ಎರಡು ಬೇರುಗಳ ಈ ಹಲ್ಲು ಸಸ್ತನಿಯದು, ಇದು ತಿಮಿಂಗಿಲ ಎಂದು ತೋರಿಸಿಕೊಟ್ಟ. ಹೆಸರು ಮಾತ್ರ ಮೊದಲಿಟ್ಟದ್ದೇ ಉಳಿಯಿತು. ಈಜಿಪ್ಟಿನ ರಾಜಧಾನಿ ಕೈರೋದ ನೈರುತ್ಯಕ್ಕಿರುವ ಮರುಭೂಮಿಯಲ್ಲಿ 'ವಾದಿ ಅಲ್ ಹಿತಾನ್', ಅಂದರೆ ತಿಮಿಂಗಿಲಗಳ ಕಣಿವೆ, ಎಂಬ ಸ್ಥಳವಿದೆ. ಅಲ್ಲಿ ಮರಳಿನ ಮೇಲೆ ನೂರಾರು ತಿಮಿಂಗಿಲಗಳ ಅಸ್ಥಿಗಳು ಹರಡಿಕೊಂಡಿವೆ. 2005ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಆ ಕಣಿವೆಯಿಂದ 1990ರಲ್ಲಿ ಫಿಲಿಪ್ ಜಿಂಜರಿಕ್ ಮತ್ತು ಸಂಗಡಿಗರು ಒಂದು ವಾರ್ತೆ ಕೊಟ್ಟರು: ಐವತ್ತು ಅಡಿಗೂ ಮಿಕ್ಕಿದ ಬ್ಯಾಸಿಲೊಸಾರಸ್‌ಗೆ ಹಿಂಗಾಲುಗಳಿದ್ದವು! ಒಂದು ಮೊಳಕ್ಕಿಂತ ಕಡಿಮೆ ಉದ್ದದ ಕಾಲು, ಆದರೆ ಅದರಲ್ಲಿ ಮಂಡಿಯಿತ್ತು, ಹರಡಿತ್ತು, ಬೆರಳುಗಳಿದ್ದವು. ಅಂಥ ಶರೀರವನ್ನು ಆ ಕಾಲುಗಳು ಹೊರುವಂತಿರಲಿಲ್ಲ. ನಡೆಯುತ್ತಿದ್ದ ಪೂರ್ವಜರಿಂದ ಬಂದ, ಅಳಿಯುವ ಹಾದಿಯಲ್ಲಿದ್ದ ಕಾಲು ಅದು.

ಅದಕ್ಕೂ ಹಿಂದಿನ ಕೊಂಡಿಗಳು ದೊರೆತದ್ದು ಎಲ್ಲಿ? ನಮ್ಮ ಉಪಖಂಡದಲ್ಲಿ, ಟೆಥಿಸ್ ಸಮುದ್ರದ ದಡದಲ್ಲಿ. 1981ರಲ್ಲಿ ಪಾಕಿಸ್ತಾನದ ಸುಮಾರು 5 ಕೋಟಿ ವರ್ಷ ಹಳೆಯ ಶಿಲೆಗಳಿಂದ ಒಂದು ತಲೆಬುರುಡೆಯನ್ನು ವರ್ಣಿಸಿ 'ಪಾಕಿಸೆಟಸ್' ಎಂದು ಹೆಸರಿಟ್ಟರು. ಕಿವಿಯ ಮೂಳೆ ತಿಮಿಂಗಿಲದ್ದು, ಆದರೆ ದೊರೆತ ಜಾಗ ಸಿಹಿನೀರಿನ ಹೊಳೆಯ ಹೂಳು. ಆಗ ದೇಹದ ಉಳಿದ ಭಾಗ ಸಿಕ್ಕಿರಲಿಲ್ಲವಾದ್ದರಿಂದ ಚಿತ್ರಕಾರರು ಅದನ್ನು ಸೀಲ್ ಪ್ರಾಣಿಯಂತೆ ಬರೆದರು. 2001ರಲ್ಲಿ ಹೆಚ್ಚಿನ ಮೂಳೆಗಳು ಪ್ರಕಟವಾದಾಗ ಅದಕ್ಕೆ ತೋಳದಂತೆ ನೀಳವಾದ ನಾಲ್ಕು ಕಾಲುಗಳಿದ್ದುದು ತಿಳಿಯಿತು. ಪುಸ್ತಕಗಳಲ್ಲಿ ಚಿತ್ರ ಬದಲಾಯಿತು. ವಿಜ್ಞಾನದ ಶಕ್ತಿ ಇರುವುದು ಇಲ್ಲಿಯೇ. ಹೊಸ ಮೂಳೆ ಸಿಕ್ಕರೆ ಹಳೆಯ ಚಿತ್ರವನ್ನು ಅಳಿಸಲು ಅದು ಹಿಂಜರಿಯುವುದಿಲ್ಲ.

1994ರಲ್ಲಿ ಹಾನ್ಸ್ ತೆವಿಸ್ಸನ್ ಮತ್ತು ಸಂಗಡಿಗರು ಪಾಕಿಸ್ತಾನದ ಪಂಜಾಬಿನ ಗುಡ್ಡಗಳಿಂದ 'ಆಂಬ್ಯುಲೊಸೆಟಸ್' ಎಂಬ ಪ್ರಾಣಿಯನ್ನು ಪ್ರಕಟಿಸಿದರು. ಹೆಸರಿನ ಅರ್ಥವೇ 'ನಡೆಯುವ ತಿಮಿಂಗಿಲ'. ಮೊಸಳೆಯಂಥ ಉದ್ದ ಮೂತಿ, ಗಿಡ್ಡ ಬಲಿಷ್ಠ ಕಾಲುಗಳು, ಹುಟ್ಟಿನಂತೆ ನೀರು ತಳ್ಳಬಲ್ಲ ದೊಡ್ಡ ಪಾದಗಳು. ನನ್ನ ಹುಡುಗ ಕೇಳಿದ್ದು ಇದನ್ನೇ!

ಗುಜರಾತಿನ ಕಚ್ಛ್ ಪ್ರದೇಶದ ಕೊಡುಗೆಯೂ ಸಣ್ಣದಲ್ಲ. ಅಲ್ಲಿನ ಸುಣ್ಣಶಿಲೆಗಳಲ್ಲಿ ನಾಣ್ಯಗಳಂತೆ ಕಾಣುವ ನುಮ್ಮುಲೈಟ್ ಎಂಬ ಪುಟ್ಟ ಸಮುದ್ರಜೀವಿಗಳ ಚಿಪ್ಪುಗಳು ರಾಶಿರಾಶಿಯಾಗಿವೆ. ಇಂಥ ಚಿಪ್ಪುಗಳ ಜಾತಿಗಳನ್ನು ಗುರುತಿಸಿಯೇ ಪದರದ ಕಾಲವನ್ನು ಅಂದಾಜು ಮಾಡುತ್ತಾರೆ. 1970ರ ದಶಕದಲ್ಲಿ ಅಶೋಕ್ ಸಾಹ್ನಿ ಮತ್ತು ವಿಜಯಪ್ರಕಾಶ ಮಿಶ್ರ ಅಲ್ಲಿನ ಪ್ರಾಚೀನ ತಿಮಿಂಗಿಲಗಳನ್ನು ವರ್ಣಿಸಿದರು. 2000ದಲ್ಲಿ ಸುನಿಲ್ ಬಾಜಪೇಯಿ ಮತ್ತು ತೆವಿಸ್ಸನ್ 'ಕಚ್ಛಿಸೆಟಸ್' ಎಂಬ ಪುಟ್ಟ ತಿಮಿಂಗಿಲವನ್ನು ಪ್ರಕಟಿಸಿದರು. ಗಿಡ್ಡ ಕಾಲು, ಉದ್ದ ಬಾಲದ ಅದು ನೋಡಲು ನಮ್ಮ ಹೊಳೆಗಳ ನೀರುನಾಯಿಯಂತೆ ಇದ್ದಿರಬೇಕು. ಇವೆಲ್ಲ ಸುಮಾರು 4.3ರಿಂದ 4.6 ಕೋಟಿ ವರ್ಷ ಹಿಂದಿನವು.

ಇನ್ನು ಅತ್ಯಂತ ಮನಮುಟ್ಟುವ ಭಾಗಕ್ಕೆ ಬರುತ್ತೇನೆ. ಎ. ರಂಗರಾವ್ ಎಂಬ ಭಾರತೀಯ ಭೂವಿಜ್ಞಾನಿ ಜಮ್ಮುವಿನ ಕಾಲಾಕೋಟ್ ಎಂಬಲ್ಲಿ ಪಳೆಯುಳಿಕೆಗಳಿದ್ದ ಕಲ್ಲುಗಳನ್ನು ಸಂಗ್ರಹಿಸಿದ್ದರು. ಕೆಲವು ಹಲ್ಲುಗಳನ್ನೂ ದವಡೆಯ ಭಾಗಗಳನ್ನೂ ಆಧರಿಸಿ ಅವರು 1971ರಲ್ಲಿ 'ಇಂಡೋಹ್ಯೂಸ್' ಎಂಬ ಪುಟ್ಟ ಗೊರಸಿನ ಪ್ರಾಣಿಯನ್ನು ಹೆಸರಿಸಿದರು. ಅದು ಪ್ರಕಟವಾದದ್ದು ನಮ್ಮ ಬೆಂಗಳೂರಿನಲ್ಲಿ ಕೇಂದ್ರವಿರುವ ಭಾರತೀಯ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ. ಆದರೆ ಅವರು ತಂದ ಕಲ್ಲುಗಳಲ್ಲಿ ಬಹಳಷ್ಟು ಒಡೆಯದೆ ಹಾಗೆಯೇ ಉಳಿದವು. ಅವರು ತೀರಿಕೊಂಡರು. ಅವರ ಪತ್ನಿ ಆ ಕಲ್ಲುಗಳನ್ನು ಎಸೆಯದೆ ಕಾಪಾಡಿಕೊಂಡು ಬಂದರು, ಮುಂದೆ ತೆವಿಸ್ಸನ್ ಅವರಿಗೆ ಒಪ್ಪಿಸಿದರು. ಪ್ರಯೋಗಾಲಯದಲ್ಲಿ ಕಲ್ಲಿನಿಂದ ಬಿಡಿಸುವಾಗ ಒಂದು ತಲೆಬುರುಡೆ ಆಕಸ್ಮಿಕವಾಗಿ ಒಡೆಯಿತು. ಒಡೆದ ಜಾಗದಲ್ಲಿ ಕಿವಿಯ ಮೂಳೆ ಕಾಣಿಸಿತು. ಅದರ ಒಳಗೋಡೆ ವಿಶೇಷವಾಗಿ ದಪ್ಪವಾಗಿತ್ತು. ಇಂಥ ಕಿವಿಮೂಳೆ ತಿಮಿಂಗಿಲಗಳ ಕುಲದ ಗುರುತು!

2007ರ ಡಿಸೆಂಬರಿನಲ್ಲಿ ಈ ಸಂಶೋಧನೆ 'ನೇಚರ್' ಪತ್ರಿಕೆಯಲ್ಲಿ ಬಂತು. ಸುಮಾರು 4.8 ಕೋಟಿ ವರ್ಷ ಹಿಂದಿನ ಇಂಡೋಹ್ಯೂಸ್ ಗಾತ್ರದಲ್ಲಿ ಬೆಕ್ಕಿನಷ್ಟು. ನಮ್ಮ ಮಲೆನಾಡಿನ ಕಾಡಿನಲ್ಲಿ ಬರ್ಕ ಎನ್ನುವ, ಮೊಲದಷ್ಟೇ ದೊಡ್ಡದಾದ ಜಿಂಕೆಯಂಥ ಪ್ರಾಣಿಯಿದೆಯಲ್ಲ, ಅದನ್ನು ನೆನೆದುಕೊಳ್ಳಿ. ಇಂಡೋಹ್ಯೂಸಿನ ಕಾಲಿನ ಮೂಳೆಗಳ ಹೊರಪದರ ದಪ್ಪವಾಗಿ ತೂಕವುಳ್ಳದ್ದಾಗಿತ್ತು. ನೀರಿನಲ್ಲಿ ತೇಲಿಹೋಗದೆ ತಳದಲ್ಲಿ ನಡೆಯುವ ಪ್ರಾಣಿಗಳಲ್ಲಿ ಕಾಣುವ ಲಕ್ಷಣವಿದು. ಹಲ್ಲಿನಲ್ಲಿದ್ದ ಆಮ್ಲಜನಕದ ಸಮಸ್ಥಾನಿಗಳೂ ಅದು ನೀರಿನಲ್ಲಿ ಬಹುಕಾಲ ಕಳೆಯುತ್ತಿತ್ತೆಂದು ಸೂಚಿಸಿದವು. ಆಫ್ರಿಕದ ಬರ್ಕ ಇಂದಿಗೂ ಹದ್ದಿನ ನೆರಳು ಕಂಡರೆ ಹೊಳೆಗೆ ಧುಮುಕಿ ನೀರಿನಡಿ ಅಡಗಿಕೊಳ್ಳುತ್ತದೆ. ತಿಮಿಂಗಿಲಗಳ ಪೂರ್ವಜರು ನೀರಿಗಿಳಿದದ್ದು ಮೊದಲು ಆಹಾರಕ್ಕಲ್ಲ, ಬಹುಶಃ ಪ್ರಾಣ ಉಳಿಸಿಕೊಳ್ಳುವುದಕ್ಕೆ ಎಂದು ಈ ಸಂಶೋಧಕರು ಊಹಿಸಿದರು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಇಂಡೋಹ್ಯೂಸ್ ತಿಮಿಂಗಿಲದ ಅಜ್ಜನಲ್ಲ, ಅಜ್ಜನ ದಾಯಾದಿ. ಪಾಕಿಸೆಟಸ್ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಥವಾ ಅದಕ್ಕೂ ಮುಂಚೆ ಇತ್ತು. ವಂಶವೃಕ್ಷವನ್ನು ಏಣಿಯಂತೆ ಊಹಿಸಬಾರದು, ಆಲದ ಮರದಂತೆ ಊಹಿಸಬೇಕು. ನಮಗೆ ಸಿಗುವ ಪಳೆಯುಳಿಕೆಗಳು ಬಹುಮಟ್ಟಿಗೆ ಪಕ್ಕದ ಕೊಂಬೆಗಳವು. ದೊಡ್ಡಪ್ಪನ ಮುಖ ನೋಡಿ ಅಜ್ಜನ ಮುಖವನ್ನು ಊಹಿಸುವಂತೆ ಅವುಗಳಿಂದ ಕಾಂಡದ ರೂಪವನ್ನು ತಿಳಿಯುತ್ತೇವೆ.

ಇನ್ನೊಂದು ಸಾಕ್ಷ್ಯ ಹರಡಿನ ಮೂಳೆಯದು. ದನ, ಕುರಿ, ಜಿಂಕೆ, ಹಂದಿ ಮುಂತಾದ ಜೋಡಿಗೊರಸಿನ ಪ್ರಾಣಿಗಳ ಹರಡಿನಲ್ಲಿ ಒಂದು ಮೂಳೆಯಿದೆ. ಅದರ ಮೇಲೊಂದು ಕೆಳಗೊಂದು ಬಾವಿಯ ರಾಟೆ ಇಟ್ಟಂಥ ಆಕಾರ. ಬೇರೆ ಯಾವ ಗುಂಪಿನಲ್ಲೂ ಅದು ಹಾಗಿಲ್ಲ. 2001ರಲ್ಲಿ ಎರಡು ಬೇರೆ ಬೇರೆ ತಂಡಗಳು ಕಾಲಿದ್ದ ತಿಮಿಂಗಿಲಗಳಲ್ಲಿಯೂ ಅದೇ ಜೋಡಿ ರಾಟೆಯ ಮೂಳೆಯನ್ನು ತೋರಿಸಿದವು. ಅದಕ್ಕೂ ಕೆಲವು ವರ್ಷ ಮೊದಲೇ ಡಿಎನ್‌ಎ ಪರೀಕ್ಷಿಸುತ್ತಿದ್ದವರು, ಇಂದು ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲದ ಅತಿ ಹತ್ತಿರದ ನೆಂಟ ಜೋಡಿಗೊರಸಿನವರ ಬಳಗದ ನೀರಾನೆ ಎಂದಿದ್ದರು. ಕಲ್ಲು ಒಡೆಯುವವರೂ ಜೀವಕೋಶ ನೋಡುವವರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಮನೆಯ ಬಾಗಿಲು ತಟ್ಟಿದರು. ಸತ್ಯಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಏನಿದೆ?

ಆ ಡಿಸೆಂಬರಿನಲ್ಲಿ ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ಹಿಂದಿನ ಬೆಂಚಿನ ಆ ಹುಡುಗ. ಅವನ ಊರು ಗೊತ್ತಿತ್ತು, ಒಂದು ಕಾರ್ಡು ಬರೆದೆ: "ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿದೆ, ಬಿಡುವಾದಾಗ ಬಾ." ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಬಂದ. ನಲವತ್ತು ದಾಟಿತ್ತು, ಕೈ ಒರಟಾಗಿತ್ತು. ಜಂಬಿಟ್ಟಿಗೆ ಕಲ್ಲಿನ ಕಣಿಯಲ್ಲಿ ಕೆಲಸವಂತೆ. ಕುಳಿತವನೇ ನಗುತ್ತ ಹೇಳಿದ: "ಮೇಷ್ಟ್ರೇ, ಕಲ್ಲಿನೊಳಗೆ ಇರಬೇಕು, ಹುಡುಕಬೇಕು ಅಂದಿದ್ರಿ. ಇಪ್ಪತ್ತು ವರ್ಷ ಕಲ್ಲು ಕಡಿದೆ. ಒಂದು ಮೂಳೆನೂ ಸಿಗಲಿಲ್ಲ."

ತಮಾಷೆಗೆ ಹೇಳಿದ ಮಾತೇ ಇರಬಹುದು. ಆದರೂ ನನ್ನ ಗಂಟಲು ಕಟ್ಟಿತು. ತರಗತಿಯಲ್ಲಿ ನಾವು ಆಡುವ ಒಂದು ವಾಕ್ಯವನ್ನು ಮಕ್ಕಳು ಎಲ್ಲೆಲ್ಲಿಗೆ ಹೊತ್ತುಕೊಂಡು ಹೋಗುತ್ತಾರೆ! ಅವನಿಗೆ ವಿವರಿಸಿದೆ: ಜಂಬಿಟ್ಟಿಗೆಯೆಂದರೆ ಮಳೆ ಬಿಸಿಲುಗಳಿಗೆ ಶಿಲೆಯೇ ಕೊಳೆತು ಉಳಿದ ಕಬ್ಬಿಣದಂಶದ ಕಲ್ಲು, ಅದರಲ್ಲಿ ಮೂಳೆ ಉಳಿಯುವುದಿಲ್ಲ. ಅದರ ಕೆಳಗಿರುವ ನಮ್ಮ ಶಿಲೆಗಳಾದರೋ ಬಹುಪಾಲು ಅತಿ ಪುರಾತನವಾದವು, ಮೂಳೆಯುಳ್ಳ ಪ್ರಾಣಿಗಳು ಜಗತ್ತಿನಲ್ಲಿ ಹುಟ್ಟುವುದಕ್ಕೂ ಎಷ್ಟೋ ಮುಂಚಿನವು. ರಾಜ್ಯದ ಉತ್ತರದ ಕಪ್ಪು ಶಿಲೆಯೋ ಲಾವಾ ಹರಿದು ಆರಿದ್ದು. ಹಾಗೆಂದು ನಮ್ಮ ನೆಲ ಬರಿದಲ್ಲ. ಚಿತ್ರದುರ್ಗ, ಶಿವಮೊಗ್ಗ ಭಾಗಗಳ ಪ್ರಾಚೀನ ಸುಣ್ಣಶಿಲೆಗಳಲ್ಲಿ ಸ್ಟ್ರೊಮಾಟೊಲೈಟ್ ಎಂಬ ಪದರ ಪದರದ ಗುರುತುಗಳಿವೆ. 250 ಕೋಟಿ ವರ್ಷಗಳಿಗೂ ಹಿಂದೆ, ಬಿಸಿಲುಂಡು ಬದುಕುತ್ತಿದ್ದ ಸೂಕ್ಷ್ಮಜೀವಿಗಳ ಲೋಳೆಯಂಥ ಹಾಸುಗಳು ಬಿಟ್ಟುಹೋದ ಹೆಜ್ಜೆಗಳು ಅವು. ಅಂಥ ಜೀವಿಗಳೇ ಗಾಳಿಗೆ ಆಮ್ಲಜನಕವನ್ನು ತುಂಬಿದ್ದು. ನಮ್ಮ ನೆಲದಲ್ಲಿರುವುದು ತಿಮಿಂಗಿಲದ ಪುಟವಲ್ಲ, ಅದಕ್ಕೂ ಎಷ್ಟೋ ಹಿಂದಿನ ಮುನ್ನುಡಿ.

ಬಳಿಕ ಇಂಡೋಹ್ಯೂಸಿನ ಕಥೆ ಹೇಳಿದೆ. ಕಾಗದದ ಮೇಲೆ ಸಾಲಾಗಿ ಪ್ರಾಣಿಗಳನ್ನು ಬರೆದು ತೋರಿಸಿದೆ. ಬಹಳ ಹೊತ್ತು ಚಿತ್ರ ನೋಡಿ ಕೇಳಿದ: "ಹಂಗಾದ್ರೆ ಅದು ಕೇಳೋ ಕಿವಿ ಮೊದಲು ಪಡಕೊಂಡು, ಈಜೋ ಮೈ ಆಮೇಲೆ ಪಡಕೊಂಡಿತಾ ಮೇಷ್ಟ್ರೇ?" ಮೂವತ್ತು ವರ್ಷಗಳ ಬಳಿಕವೂ ಅವನ ಪ್ರಶ್ನೆ ಗುರಿ ತಪ್ಪಿರಲಿಲ್ಲ. ಪಳೆಯುಳಿಕೆಗಳು ಕಲಿಸುವ ದೊಡ್ಡ ಪಾಠವೇ ಅದು. ಒಂದು ಪ್ರಾಣಿಯ ಎಲ್ಲ ಅಂಗಗಳೂ ಒಟ್ಟಿಗೆ ಬದಲಾಗುವುದಿಲ್ಲ. ಕಿವಿಮೂಳೆ ದಪ್ಪವಾದಾಗ ಕಾಲು ಇನ್ನೂ ಓಡುವ ಕಾಲೇ ಆಗಿತ್ತು. ಮುಂದೆ ಕಾಲು ಗಿಡ್ಡವಾದಾಗಲೂ ಮೂಗಿನ ಹೊಳ್ಳೆ ಮೂತಿಯ ಮುಂಭಾಗದಲ್ಲಿಯೇ ಇತ್ತು. ನೆತ್ತಿಯತ್ತ ಸರಿದದ್ದು ನಿಧಾನವಾಗಿ. ಕಡಲಿಗೆ ಹೋಗಬೇಕೆಂದು ಯಾವ ಅಂಗವೂ ಮೊದಲೇ ಸಿದ್ಧವಾಗಲಿಲ್ಲ. ಆಯಾ ಕಾಲಕ್ಕೆ ಕೈಗೂಡಿದ್ದು ಉಳಿಯಿತು, ಅದು ಮುಂದೆ ಬೇರೊಂದಕ್ಕೆ ಒದಗಿತು. ನೆಲದಿಂದ ಕಡಲವರೆಗಿನ ಈ ಪಯಣಕ್ಕೆ ಹಿಡಿದದ್ದು ಸುಮಾರು 1 ಕೋಟಿ ವರ್ಷ.

ನೆಲದ ನೆನಪು ಇಂದಿನ ತಿಮಿಂಗಿಲದ ಮೈಯಲ್ಲಿಯೂ ಇದೆ. ಮೀನು ಬಾಲವನ್ನು ಎಡಬಲಕ್ಕೆ ಬೀಸುತ್ತದೆ, ತಿಮಿಂಗಿಲ ಮೇಲೆ ಕೆಳಗೆ ಬೀಸುತ್ತದೆ. ನಾಯಿ ನಾಗಾಲೋಟದಲ್ಲಿ ಓಡುವಾಗ ಅದರ ಬೆನ್ನು ಮೇಲೆ ಕೆಳಗೆ ಬಾಗುವುದನ್ನು ನೋಡಿ. ತಿಮಿಂಗಿಲ ನೀರಿನಲ್ಲಿ ಮಾಡುವುದು ಅದನ್ನೇ. ಅದರ ಮಾಂಸದೊಳಗೆ ಹಿಂಗಾಲಿಗೆ ಸೇರಿದ ಸೊಂಟದ ಮೂಳೆಯ ಚೂರುಗಳು ಇಂದಿಗೂ ಹುದುಗಿವೆ. ಡಾಲ್ಫಿನ್ನಿನ ಭ್ರೂಣದಲ್ಲಿ ಹಿಂಗಾಲಿನ ಮೊಗ್ಗು ಮೂಡಿ ಮತ್ತೆ ಅಡಗುತ್ತದೆ. 2006ರಲ್ಲಿ ಜಪಾನಿನ ಕಡಲಿನಲ್ಲಿ ಸಿಕ್ಕ ಒಂದು ಡಾಲ್ಫಿನ್ನಿಗೆ ಹಿಂಭಾಗದಲ್ಲಿ ಹೆಚ್ಚುವರಿ ಜೋಡಿ ರೆಕ್ಕೆಗಳೇ ಇದ್ದವು.

"ಹಾಗಾದರೆ ಮೊದಲ ತಿಮಿಂಗಿಲ ಯಾವುದು?" ಎಂದು ಕೆಲವರು ಕೇಳುತ್ತಾರೆ. ನನ್ನ ಉತ್ತರ ನಮ್ಮ ಪಂಡಿತರಿಂದ ಪಡೆದದ್ದು. ಹಳಗನ್ನಡದ ಕೊನೆಯ ತಾಯಿ ಯಾರು, ಹೊಸಗನ್ನಡದ ಮೊದಲ ಮಗು ಯಾವುದು? ಯಾವ ತಾಯಿಯೂ 'ಪಾಲ್' ಎಂದು ಹೇಳಿ ಮಲಗಿ, ಬೆಳಗಾಗೆದ್ದು 'ಹಾಲು' ಎನ್ನಲಿಲ್ಲ. ಪ್ರತಿಯೊಂದು ಮಗುವೂ ತನ್ನ ತಾಯಿಯ ಮಾತನ್ನೇ ಆಡಿತು. ಪಕಾರವೂ ಹಕಾರವೂ ಜೊತೆಜೊತೆಗೇ ಕಾಣುವ ಶಾಸನಗಳುಂಟು. ತಲೆಮಾರಿನಿಂದ ತಲೆಮಾರಿಗೆ ಬದಲಾವಣೆ ಯಾರ ಗಮನಕ್ಕೂ ಬಾರದಷ್ಟು ಸಣ್ಣದು. ಆದರೆ ನೂರಾರು ವರ್ಷ ಕಳೆದ ಮೇಲೆ ಹಳಗನ್ನಡ ಕಾವ್ಯ ಓದಲು ನಮಗೆ ಟೀಕೆ ಬೇಕಾಗುತ್ತದೆ. ಜೀವಿಗಳ ಕಥೆಯೂ ಹಾಗೆಯೇ. ಶಾಸನಗಳು ಭಾಷೆಗೆ ಹೇಗೋ ಪಳೆಯುಳಿಕೆಗಳು ಜೀವಕ್ಕೆ ಹಾಗೆ.

ಈಗ ಕಾರಣಕ್ಕೆ ಬರುತ್ತೇನೆ. ನನ್ನ ತಂಗಿಯ ಮಗಳು ಇತ್ತೀಚೆಗೆ ದೂರವಾಣಿಯಲ್ಲಿ ಮಾತನಾಡುತ್ತ, "ಮಾವ, ನೀವು ರಜೆಯಲ್ಲಿ ನಮಗೆಲ್ಲ ಹೇಳುತ್ತಿದ್ದ ಪಳೆಯುಳಿಕೆಯ ಕಥೆ ನನ್ನ ಮಗನ ಹತ್ತನೆಯ ತರಗತಿಯ ಪುಸ್ತಕದಲ್ಲಿ ಇರಲೇ ಇಲ್ಲ" ಎಂದಳು. ಹುಡುಗ ಈಗ ವಾಣಿಜ್ಯಶಾಸ್ತ್ರ ಓದುತ್ತಿದ್ದಾನೆ. ದೇಶದ ಅನೇಕ ಶಾಲೆಗಳು ಬಳಸುವ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ಜೀವವಿಕಾಸ' ಎಂದಿದ್ದ ಅಧ್ಯಾಯ 2023ರಲ್ಲಿ 'ಅನುವಂಶೀಯತೆ' ಎಂದಷ್ಟೇ ಉಳಿಯಿತು. ಮಕ್ಕಳ ಹೊರೆ ಇಳಿಸಲು ಹೀಗೆ ಮಾಡಲಾಯಿತೆಂದೂ, ಹನ್ನೆರಡನೆಯ ತರಗತಿಯಲ್ಲಿ ಅದು ಇದೆಯೆಂದೂ ಹೇಳಿದರು. ಆ ವರ್ಷದ ಏಪ್ರಿಲ್‌ನಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಅದನ್ನು ಮರಳಿ ಸೇರಿಸಬೇಕೆಂದು ಬಹಿರಂಗ ಪತ್ರ ಬರೆದರು.

ನಾನು ವಿಜ್ಞಾನಿಯಲ್ಲ, ಮೇಷ್ಟರು. ನನಗೆ ಕಾಣುವುದು ತರಗತಿಯ ಲೆಕ್ಕ. ಹನ್ನೆರಡರಲ್ಲಿ ಜೀವಶಾಸ್ತ್ರ ಓದುವವರು ಎಷ್ಟು ಮಂದಿ? ಹತ್ತಕ್ಕೆ ಬಿಡುವವರು, ವಾಣಿಜ್ಯಕ್ಕೆ ಹೋಗುವವರು, ಯಂತ್ರ ಕಲಿಯುವವರು ಎಷ್ಟು ಮಂದಿ? ಜಂಬಿಟ್ಟಿಗೆ ಕಣಿಯ ನನ್ನ ಶಿಷ್ಯನಿಗೆ ಹತ್ತನೆಯ ತರಗತಿಯೇ ಕೊನೆಯದು. ಆ ಪಾಠ ಆ ವರ್ಷದ ಪುಸ್ತಕದಲ್ಲಿ ಇಲ್ಲದಿದ್ದರೆ ಅವನು ಆ ಪ್ರಶ್ನೆ ಕೇಳುವ ಸಂದರ್ಭವೇ ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ಕಡಿದ ಕಲ್ಲು ಅವನ ಪಾಲಿಗೆ ಬರಿಯ ಕಲ್ಲಾಗಿರುತ್ತಿತ್ತು. ಪಾಠದ ಹೊರೆ ಇಳಿಸುವುದು ಒಳ್ಳೆಯದೇ. ಆದರೆ ಪ್ರಶ್ನೆ ಹುಟ್ಟಿಸುವ ಪಾಠವನ್ನು ಹೊರೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ, ನನ್ನ ಮನೆಯ ಮಕ್ಕಳಲ್ಲಿ ಒಂದು ಬಿನ್ನಹ. ನಿಮ್ಮ ಮನೆಗಳಲ್ಲಿ ಹದಿನೈದು ಹದಿನಾರರ ಮಕ್ಕಳಿದ್ದರೆ ಈ ಕಥೆಯನ್ನು ನೀವೇ ಹೇಳಿ. ಪುಸ್ತಕದಲ್ಲಿ ಇದ್ದರೂ ಹೇಳಿ, ಇಲ್ಲದಿದ್ದರೂ ಹೇಳಿ. ದೇವರ ಮನೆಯ ಸಾಲಿಗ್ರಾಮವನ್ನು ತೋರಿಸಿ ಹೇಳಬಹುದು, ನೆಲಕ್ಕೆ ಹಾಸಿದ ಸುಣ್ಣಕಲ್ಲಿನಲ್ಲಿ ಚಿಪ್ಪಿನ ಗುರುತು ಕಂಡರೆ ಅದನ್ನು ತೋರಿಸಿಯೂ ಹೇಳಬಹುದು. ಅವರು ಪ್ರಶ್ನೆ ಕೇಳುತ್ತಾರೆ. ಕೆಲವಕ್ಕೆ ನಿಮ್ಮಲ್ಲಿ ಉತ್ತರ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಇಲ್ಲದವನ್ನು ಬರೆದಿಟ್ಟುಕೊಳ್ಳಿ, ನನಗೂ ಕಳುಹಿಸಿ. ಎಂಬತ್ತು ದಾಟಿದ ಈ ಮೇಷ್ಟರಿಗೆ ಈಗ ಬಿಡುವು ಬೇಕಾದಷ್ಟಿದೆ.

ಎಲ್ಲರಿಗೂ ಒಳ್ಳೆಯದಾಗಲಿ.